*ಇಂದಿನ ಧಮ್ಮ ಚಿಂತನೆ: "ಏನೂ ಆಗಲಿಲ್ಲವಲ್ಲ!"*



ತಪ್ಪು ಮಾಡಿದೆವು. ಆದರೆ ಅದರಿಂದ ಯಾರಿಗೂ ಏನೂ ಆಗಲಿಲ್ಲ. ಹಾಗಾದರೆ ಅದು ತಪ್ಪು ಹೌದೋ ಅಲ್ಲವೋ? ಈ ಪ್ರಶ್ನೆಯನ್ನು ನನ್ನದೇ ಒಂದು ಅನುಭವದ ಮೂಲಕ ಇಂದು ನಿಮ್ಮ ಮುಂದಿಡುತ್ತೇನೆ.

ಗುಲ್ವಾಡಿಯ ನಮ್ಮ ಮನೆಯಲ್ಲಿ ಒಂದು ಹಳೆಯ ಪೆಟ್ರೋಲ್ ವ್ಯಾನ್ ಇದೆ. ಕಾರ್ಬ್ಯುರೇಟರ್ ಕಾಲದ್ದು. ಹಿಂದಿನ ಸೀಟು ತೆಗೆದು ಹಲಗೆಯ ಮಂಚ, ಒಂದು ಸ್ಟವ್, ನೀರಿನ ಕ್ಯಾನ್ ಇಟ್ಟುಕೊಂಡಿದ್ದೇವೆ. ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪ, ಕಲಬುರಗಿಯ ಬುದ್ಧ ವಿಹಾರ, ನಾಗಪುರದ ದೀಕ್ಷಾಭೂಮಿ, ಎಲ್ಲವನ್ನೂ ಅದರಲ್ಲೇ ಮಲಗಿ ಎದ್ದು ನೋಡಿ ಬಂದವರು ನಾವು. ರೂಮಿನ ಬಾಡಿಗೆ ಉಳಿಯುತ್ತದೆ. "ನಿಮ್ಮದು ಯಾವ ಜನ?" ಎಂದು ಕೇಳುವವರೂ ಇರುವುದಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವಾಗ ಅದು ನಿಂತುಬಿಡುತ್ತಿತ್ತು. ಎಂಜಿನ್ನಿನ ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗುತ್ತದೆ, ಹಳೆಯ ಪಂಪಿಗೆ ಎಳೆಯಲು ಆಗುವುದಿಲ್ಲ. ಮೆಕ್ಯಾನಿಕ್ ಪರಿಹಾರ ಹೇಳಿದರು: ಟ್ಯಾಂಕಿನ ಹತ್ತಿರ ಕರೆಂಟಿನ ಪಂಪ್ ಕೂರಿಸುವುದು. ಅದು ಪೆಟ್ರೋಲನ್ನು ಹಿಂದಿನಿಂದ ತಳ್ಳುತ್ತದೆ, ಒತ್ತಡದಲ್ಲಿರುವ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ. ಕಾರ್ಬ್ಯುರೇಟರಿಗೆ 2ರಿಂದ 4 ಪಿಎಸ್‌ಐ ಒತ್ತಡ ಸಾಕು.

ಅವರು ಇನ್ನೊಂದು ಮಾತನ್ನೂ ಹೇಳಿದರು. ಹಳೆಯ ಪಂಪ್ ಎಂಜಿನ್ ತಿರುಗಿದರೆ ಮಾತ್ರ ಓಡುತ್ತದೆ; ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ. ಕರೆಂಟಿನ ಪಂಪಿಗೆ ಆ ಬುದ್ಧಿ ಇಲ್ಲ. ಗಾಡಿ ಮಗುಚಿದರೂ ಕೀ ಆನ್ ಇರುವ ತನಕ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಎಂಜಿನ್ ಆಯಿಲ್ ಒತ್ತಡಕ್ಕೆ ಒಂದು ಸ್ವಿಚ್, ಒಂದು ರಿಲೇ ಹಾಕಬೇಕು. ಎಂಜಿನ್ ನಿಂತು ಆಯಿಲ್ ಒತ್ತಡ ಇಳಿದ ಕೂಡಲೇ ಪಂಪಿಗೆ ಕರೆಂಟು ತಪ್ಪುತ್ತದೆ.

ನಾನು ಖರ್ಚಿನ ಲೆಕ್ಕ ಹಾಕಿದೆ. "ಹ್ವಾಯ್, ಪಂಪ್ ಓಡ್ರೆ ಸಾಕಲ್ದಾ? ಕೀಯಿಂದ್ಲೇ ಒಂದ್ ವೈರ್ ಎಳ್ದ್ ಕೊಡಿ" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ ಹಾಗೆಯೇ ಮಾಡಿಕೊಟ್ಟರು. ಮುಂದೆ ಘಾಟಿಯಲ್ಲಿ ವ್ಯಾನ್ ನಿಲ್ಲಲಿಲ್ಲ.

ಮಳೆಗಾಲದಲ್ಲಿ ನನ್ನ ಭಾವ ಮಕ್ಕಳನ್ನು ಕರೆದುಕೊಂಡು ಅದೇ ವ್ಯಾನಿನಲ್ಲಿ ಹೊರಟರು. ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಗಾಡಿ ತೋಡಿಗೆ ಇಳಿದು ವಾಲಿತು. ಎಂಜಿನ್ ನಿಂತಿತು, ಕೀ ಆನ್ ಇತ್ತು. ಪೈಪ್ ಕಳಚಿದ ಜಾಗದಿಂದ ಪೆಟ್ರೋಲ್ ಸುರಿಯುತ್ತಿತ್ತು, ಪಂಪ್ ಟಕ್ ಟಕ್ ಎನ್ನುತ್ತಲೇ ಇತ್ತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಓಡಿ ಬಂದು ಕೈ ಹಾಕಿ ಕೀ ತಿರುಗಿಸಿದರು. ಮಕ್ಕಳಿಗೆ ತರಚಿದ ಗಾಯವೂ ಇಲ್ಲ.

"ಸದ್ಯ, ಏನೂ ಆಗಲಿಲ್ಲವಲ್ಲ!" ಎಂದರು ಮನೆಯವರೆಲ್ಲ. ನಾನೂ ಅದನ್ನೇ ಹೇಳಿದೆ. ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಮನಸ್ಸು ಹೇಳಿತು: ನಿನಗೆ ಕೇಡು ಮಾಡುವ ಉದ್ದೇಶ ಇರಲಿಲ್ಲ. ಕರ್ಮದಲ್ಲಿ ಮುಖ್ಯ ಚೇತನ, ಅಂದರೆ ಉದ್ದೇಶ. ದೇಹದ ಕರ್ಮಕ್ಕಿಂತ ಮನಸ್ಸಿನ ಕರ್ಮವೇ ಹೆಚ್ಚು ತೂಕದ್ದು ಎಂಬುದು ಉಪಾಲಿ ಸುತ್ತದಲ್ಲಿ ಭಗವಾನರ ನಿಲುವು. ಸರಿ. ಮೆಕ್ಯಾನಿಕ್ ಹೇಳುವ ತನಕ ನನಗೆ ಅಪಾಯ ಗೊತ್ತಿರಲಿಲ್ಲ, ಅಲ್ಲಿಯವರೆಗೆ ಅದು ಅಜ್ಞಾನ. ಅವರು ಹೇಳಿದ ಮೇಲೆ? ಆಮೇಲೆ "ಇರಲಿ ಬಿಡಿ" ಎಂದದ್ದು ಒಂದು ತೀರ್ಮಾನ. ಕೊಲ್ಲುವ ಉದ್ದೇಶ ಇರಲಿಲ್ಲ, ನಿಜ. ಆದರೆ ನನ್ನ ಹಣ ಉಳಿಯಲಿ, ಅಪಾಯ ಗಾಡಿಯಲ್ಲಿ ಕೂತವರ ಪಾಲಿಗೆ ಇರಲಿ ಎಂಬುದೂ ಒಂದು ಉದ್ದೇಶವೇ.

ಎರಡನೆಯದು ಅದೃಷ್ಟ. ಅದೇ ವೈರ್, ಅದೇ ಸಂಜೆ, ಒಂದು ಕಿಡಿ ಹಾರಿದ್ದರೆ ಜನ ನನ್ನನ್ನು ಕೊಲೆಗಾರ ಎನ್ನುತ್ತಿದ್ದರು. ಈಗ ಪುಣ್ಯವಂತ ಎನ್ನುತ್ತಾರೆ. ಆ ಕಿಡಿ ನನ್ನ ಕೈಯಲ್ಲಿರಲಿಲ್ಲ, ವೈರ್ ನನ್ನ ಕೈಯಲ್ಲಿತ್ತು. ಭಗವಾನರು ರಾಹುಲನಿಗೆ ಕನ್ನಡಿಯ ಉದಾಹರಣೆ ಕೊಟ್ಟು, ಕೆಲಸದ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ಮೂರು ಸಲ ನೋಡಿಕೊಳ್ಳಲು ಕಲಿಸಿದರು: ಇದರಿಂದ ನನಗಾಗಲಿ ಇತರರಿಗಾಗಲಿ ಕೇಡಿದೆಯೇ? ಕನಗನಹಳ್ಳಿಯ ಶಿಲ್ಪದಲ್ಲಿ ನಾವು ಕಂಡ ಅಶೋಕ, ಬೈರಾಟ್ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕಾದ ಉಪದೇಶಗಳ ಪಟ್ಟಿಯಲ್ಲಿ ರಾಹುಲನಿಗೆ ಹೇಳಿದ ಮಾತನ್ನೂ ಸೇರಿಸಿದ್ದಾನೆ. ಆ ಕನ್ನಡಿಯಲ್ಲಿ ಕಾಣುವುದು ನಾವು ಮಾಡಿದ ಕೆಲಸ ಮಾತ್ರ. ಅದೃಷ್ಟ ಅದರಲ್ಲಿ ಕಾಣುವುದಿಲ್ಲ.

ಮೂರನೆಯದೇ ನನ್ನನ್ನು ಹೆಚ್ಚು ಕುಟುಕಿದ್ದು. "ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ" ಎಂಬ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ರಕ್ಷಣಾ ಸಲಕರಣೆ ಕೊಡದೆ ನಮ್ಮವರನ್ನು ಮ್ಯಾನ್‌ಹೋಲಿಗೆ ಇಳಿಸುವವರ ಬಾಯಲ್ಲಿ. 2013ರ ಕಾಯ್ದೆ ನಿಷೇಧಿಸಿದ ಮೇಲೂ ಇಳಿಸುವವರಿದ್ದಾರೆ. ಅವರಿಗೂ ಕೊಲ್ಲುವ ಉದ್ದೇಶ ಇಲ್ಲ, ಖರ್ಚು ಉಳಿಸುವ ಉದ್ದೇಶ ಮಾತ್ರ. ಅವರ ಮಾತೇ ನನ್ನ ಬಾಯಿಗೆ ಎಷ್ಟು ಸುಲಭವಾಗಿ ಬಂತು! ಮನುಷ್ಯ ಒಬ್ಬನೇ ಇದ್ದರೆ ಧಮ್ಮ ಬೇಕಿಲ್ಲ, ಇಬ್ಬರಾದ ಕೂಡಲೇ ಬೇಕು ಎಂದು ಬಾಬಾಸಾಹೇಬರು ತಿಳಿಸಿದ್ದಾರೆ. ಆ ಎರಡನೆಯವರು ನನ್ನ ವ್ಯಾನಿನ ಹಿಂದೆ ಹಲಗೆಯ ಮೇಲೆ ಕೂತಿದ್ದ ಮಕ್ಕಳು.

ಮರುದಿನ ಭಾವನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆ ಮೌನವನ್ನು ತಡೆದುಕೊಳ್ಳುವುದೂ ಪ್ರಾಯಶ್ಚಿತ್ತವಲ್ಲ, ಲೆಕ್ಕ ಒಪ್ಪಿಸುವುದು ಅಷ್ಟೇ. ಈಗ ಸ್ವಿಚ್, ರಿಲೇ, ಫ್ಯೂಸ್ ಎಲ್ಲ ಹಾಕಿಸಿದ್ದೇನೆ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ.

*ಇಂದಿನ ಅಭ್ಯಾಸ:* ನಿಮ್ಮ ಕೈಯಲ್ಲಿರುವ, ಬೇರೆ ಯಾರ ಕಣ್ಣಿಗೂ ಬೀಳದ ಒಂದು ಕೆಲಸವನ್ನು ನೆನೆಯಿರಿ. ವೈರಿಂಗ್ ಇರಬಹುದು, ಔಷಧಿಯ ಅಳತೆ ಇರಬಹುದು, ಸಂಘದ ಲೆಕ್ಕಪುಸ್ತಕ ಇರಬಹುದು. "ಏನೂ ಆಗಲಿಲ್ಲವಲ್ಲ" ಎಂದು ಅದನ್ನು ಮುಂದೂಡುತ್ತಿದ್ದೀರಾ? ಇವತ್ತೇ ಸರಿಪಡಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏