ಬೇಲಿಗೆ ಸಿಕ್ಕಿದ ಗೂಬೆಯೂ ತಂದೆಯ ಲೆಕ್ಕವೂ

ಧ್ಯಾನಿಸತಕ್ಕ ಭಾಗ: ಮತ್ತಾಯ 10ನೆಯ ಅಧ್ಯಾಯ, 29ರಿಂದ 31ನೆಯ ವಚನಗಳು.



ನಮ್ಮ ಕರ್ತನು ತನ್ನ ಹನ್ನೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸಿದಾಗ ಅವರಿಗೆ ಬರಲಿದ್ದ ಕಷ್ಟಗಳನ್ನು ಮರೆಮಾಡಲಿಲ್ಲ. ಜನರು ನಿಮ್ಮನ್ನು ಹಿಡಿದುಕೊಡುವರು, ಹೊಡೆಯುವರು, ಹಗೆಮಾಡುವರು ಎಂದು ಮುಂದಾಗಿಯೇ ತಿಳಿಸಿದನು. ಆದರೆ ಅವರ ಭಯವನ್ನು ನೀಗಿಸುವದಕ್ಕೆ ಆತನು ಅರಸರ ದಂಡನ್ನಾಗಲಿ ದೇವದೂತರ ಸಮೂಹವನ್ನಾಗಲಿ ತೋರಿಸದೆ, ಸಂತೆಯಲ್ಲಿ ಮಾರಾಟಕ್ಕೆ ಇಟ್ಟಿದ್ದ ಗುಬ್ಬಿಗಳನ್ನು ತೋರಿಸಿದನು. ಆ ದೇಶದ ಬಡವರು ಗುಬ್ಬಿಗಳನ್ನು ಕೊಂಡು ತಿನ್ನುತ್ತಿದ್ದರು. ಮತ್ತಾಯನ ಪ್ರಕಾರ ಎರಡು ಗುಬ್ಬಿಗಳಿಗೆ ಒಂದು ಕಾಸು. ಲೂಕನ ಪ್ರಕಾರ ಐದಕ್ಕೆ ಎರಡು ಕಾಸು. ಕೂಲಿಯವನ ಒಂದು ದಿನದ ಸಂಬಳವನ್ನು ಹದಿನಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಆ ಕಾಸಿನ ಬೆಲೆಯಾಗಿತ್ತು. ನಾಲ್ಕು ಗುಬ್ಬಿಗಳನ್ನು ಕೊಂಡವನಿಗೆ ಐದನೆಯದು ಕೊಸರು. ಸಂತೆಗೆ ಹೋಗುವ ನಮಗೆಲ್ಲರಿಗೂ ಕೊಸರೆಂದರೆ ಏನೆಂದು ಗೊತ್ತುಂಟು: ಅದಕ್ಕೆ ಬೆಲೆಯೂ ಇಲ್ಲ, ಲೆಕ್ಕವೂ ಇಲ್ಲ. ಆದರೂ ಆ ಕೊಸರಿನ ಗುಬ್ಬಿಯನ್ನು ಸಹ ದೇವರು ಮರೆಯುವದಿಲ್ಲವೆಂದು ಕರ್ತನು ಬೋಧಿಸಿದನು.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಗುಬ್ಬಿಯು ನೆಲಕ್ಕೆ ಬೀಳುವದೇ ಇಲ್ಲವೆಂದು ಆತನು ಹೇಳಲಿಲ್ಲ. ತಂದೆಯನ್ನು ಬಿಟ್ಟು ಬೀಳುವದಿಲ್ಲವೆಂದು ಹೇಳಿದನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೆಳಗಿನ ಸಂಗತಿಯನ್ನು ಕೇಳಿರಿ.

2022ರ ದಸರಾ ರಜೆಯಲ್ಲಿ ನಾವು ಧಾರವಾಡ ಸೀಮೆಯ ಒಂದು ಚಿಕ್ಕ ಸಭೆಯನ್ನು ಸಂದರ್ಶಿಸಿದೆವು. ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಓದುವ ಮಕ್ಕಳು ರಜೆಗಾಗಿ ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬ ವಿಧವೆಯ ಮಗಳು, ಹನ್ನೊಂದು ವರುಷದವಳು, ಬೆಳಿಗ್ಗೆ ಮೇಕೆಗಳನ್ನು ಹೊಡೆದುಕೊಂಡು ಹೋಗುವಾಗ, ಸಭೆಯ ಸ್ಮಶಾನದ ಮುಳ್ಳುತಂತಿಯ ಬೇಲಿಯಲ್ಲಿ ಒಂದು ಬಿಳಿಯ ಗೂಬೆಯು ರೆಕ್ಕೆ ಸಿಕ್ಕಿಕೊಂಡು ತೂಗಾಡುತ್ತಿರುವದನ್ನು ಕಂಡಳು. ಕಾಗೆಗಳು ಅದನ್ನು ಕುಕ್ಕುತ್ತಿದ್ದವು. ಇಬ್ಬರು ಹುಡುಗರು ಕೈಯಲ್ಲಿ ಕಲ್ಲು ಹಿಡಿದಿದ್ದರು. ಆ ಹುಡುಗಿಯು ತನ್ನ ಮೇಲುವಸ್ತ್ರವನ್ನು ಅದರ ಮೇಲೆ ಹೊದಿಸಿ ತಾಯಿಯನ್ನು ಕೂಗಿದಳು. ಇಬ್ಬರೂ ಕೂಡಿ ತಂತಿಯನ್ನು ಬಿಡಿಸಿ, ಗೂಬೆಯನ್ನು ಒಂದು ಬಿದಿರಿನ ಪುಟ್ಟಿಯಲ್ಲಿಟ್ಟು ಮನೆಗೆ ತಂದರು.

ಸುದ್ದಿಯು ಕೇರಿಯಲ್ಲಿ ಹಬ್ಬಿತು. ಗೂಬೆ ಹೊಕ್ಕ ಮನೆಗೆ ಕೇಡು ತಪ್ಪದು, ಮನೆಯನ್ನು ಕೆಲವು ಕಾಲ ಬಿಟ್ಟು ಶಾಂತಿ ಮಾಡಿಸಬೇಕು ಎಂದು ಅನೇಕರು ಹೇಳಿದರು. ಅದೂ ಸ್ಮಶಾನದ ಗೂಬೆ! ಹಾಗೆ ಹೇಳಿದವರಲ್ಲಿ ಭಾನುವಾರ ನಮ್ಮೊಂದಿಗೆ ಕೂತು ಕೀರ್ತನೆ ಹಾಡುವವರೂ ಇದ್ದರು. ಮಧ್ಯಾಹ್ನಕ್ಕೆ ಪರವೂರಿನವನೊಬ್ಬನು ಬಂದು, ದೀಪಾವಳಿಯ ಅಮಾವಾಸ್ಯೆಗೆ ಜೀವಂತ ಗೂಬೆ ಬೇಕಾಗಿದೆ, ಐದು ಸಾವಿರ ರೂಪಾಯಿ ಕೊಡುವೆನು ಎಂದನು. ಆ ವಿಧವೆಯ ಮನೆಯ ಮಾಳಿಗೆ ಮಳೆಗೆ ಸೋರುತ್ತಿತ್ತು. ಐದು ಸಾವಿರವು ಅವಳ ಪಾಲಿಗೆ ಸಣ್ಣ ಮೊತ್ತವಲ್ಲ. ಆಕೆ ಹೇಳಿದ್ದು ಇಷ್ಟೇ: "ಬದುಕಲಿ ಅಂತ ಬಿಡಿಸಿ ತಂದಿದ್ದನ್ನ ಸಾಯಲಿಕ್ಕೆ ಮಾರೂದಿಲ್ಲ." ನೆರೆಯ ರೈತನೊಬ್ಬನು, ನಮ್ಮ ಸಭೆಗೆ ಸೇರದವನು, ಪುಟ್ಟಿಯನ್ನೂ ಹುಡುಗಿಯನ್ನೂ ತನ್ನ ಬೈಕಿನ ಮೇಲೆ ಕೂರಿಸಿಕೊಂಡು ಪಶುವೈದ್ಯರ ಬಳಿಗೆ ಕರೆದೊಯ್ದನು. ವೈದ್ಯರು ಗಾಯವನ್ನು ತೊಳೆದು ಕಟ್ಟಿ, ಅರಣ್ಯ ಇಲಾಖೆಯವರಿಗೆ ಫೋನು ಮಾಡಿದರು. ಅವರು ಮರುದಿನ ಬಂದು ಒಯ್ಯುವೆವೆಂದರು. ಆದರೆ ರೆಕ್ಕೆಯ ಎಲುಬು ನುಚ್ಚಾಗಿತ್ತು. ಬೆಳಗಾಗುವದಕ್ಕೆ ಮುಂಚೆ ಗೂಬೆಯು ಪುಟ್ಟಿಯಲ್ಲಿಯೇ ಸತ್ತಿತು.

ಆಗ ಕೇರಿಯವರ ಭಯವು ಇಮ್ಮಡಿಯಾಯಿತು. ಹುಡುಗಿಯಾದರೋ ನಮ್ಮ ಬಳಿಗೆ ಬಂದು, "ರಾತ್ರಿ ಪ್ರಾರ್ಥನೆ ಮಾಡಿದ್ದೆನಲ್ಲಾ, ದೇವರು ಯಾಕೆ ಕೇಳಲಿಲ್ಲ?" ಎಂದು ಕೇಳಿದಳು. ಈ ಸಂಗತಿಯಲ್ಲಿ ಮೂರು ಪ್ರಶ್ನೆಗಳುಂಟು: ಭಯದ್ದು, ಬೆಲೆಯದ್ದು, ಬೀಳುವಿಕೆಯದ್ದು. ಅವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದಾಗಿ, ಭಯದ ವಿಷಯ. ಶಕುನ ನೋಡುವದನ್ನು ದೇವರು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರಿಗೆ ನಿಷೇಧಿಸಿದನು; ಅನ್ಯರು ಹೆದರುವ ಗುರುತುಗಳಿಗೆ ನೀವು ಹೆದರಬಾರದೆಂದು ಯೆರೆಮೀಯನ ಮೂಲಕ ತಿಳಿಸಿದನು. ಮೋಶೆಯ ಧರ್ಮಶಾಸ್ತ್ರವು ಗೂಬೆಯನ್ನು ತಿನ್ನಬಾರದ ಪಕ್ಷಿಗಳಲ್ಲಿ ಎಣಿಸಿದೆ. ಆದರೆ ಅದು ಕೇಡನ್ನು ತರುತ್ತದೆಂದು ಎಲ್ಲಿಯೂ ಹೇಳಲಿಲ್ಲ. 102ನೆಯ ಕೀರ್ತನೆಯಲ್ಲಿ ಕುಗ್ಗಿಹೋದ ಒಬ್ಬ ಭಕ್ತನು ತನ್ನನ್ನು ಹಾಳುಸ್ಥಳದ ಗೂಬೆಗೆ ಹೋಲಿಸಿಕೊಂಡು ದೇವರಿಗೆ ಮೊರೆಯಿಡುತ್ತಾನೆ. ಜನರು ಯಾವ ಪಕ್ಷಿಯನ್ನು ಕಂಡು ಉಗುಳುತ್ತಾರೋ ಆ ಪಕ್ಷಿಯ ಹೆಸರಿನಲ್ಲಿ ಪ್ರಾರ್ಥಿಸುವದಕ್ಕೆ ಆತನು ನಾಚಲಿಲ್ಲ.

ಈ ಪಕ್ಷಿಯನ್ನು ನಾವು ಸರಿಯಾಗಿ ನೋಡಿದರೆ ಸೃಷ್ಟಿಕರ್ತನ ಜ್ಞಾನವೇ ಕಾಣುವದು. ಇದಕ್ಕೆ ಕಣಜ ಗೂಬೆ ಎಂದು ಹೆಸರು. ಇದರ ಕಣ್ಣುಗುಡ್ಡೆಗಳು ಹೊರಳಲಾರವು. ಆದಕಾರಣ ಕುತ್ತಿಗೆಯೇ ಬಹು ದೂರ ತಿರುಗುವಂತೆ ಮಾಡಲ್ಪಟ್ಟಿದೆ. ಕಿವಿಗಳೆರಡೂ ಒಂದೇ ಮಟ್ಟದಲ್ಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಹೀಗಿರುವದರಿಂದ ಕತ್ತಲೆಯಲ್ಲಿಯೂ ಇಲಿಯ ಸಪ್ಪಳವು ಯಾವ ಕಡೆಯಿಂದ ಬಂತೆಂದು ಅದಕ್ಕೆ ತಿಳಿಯುವದು. ಗರಿಗಳ ಅಂಚು ಮೃದುವಾಗಿರುವದರಿಂದ ಹಾರುವಾಗ ಸದ್ದಾಗದು. ಅದರ ಮುಖ್ಯ ಆಹಾರವು ಇಲಿ ಹೆಗ್ಗಣಗಳೇ. ಮಲೇಷ್ಯಾ ದೇಶದ ತಾಳೆ ತೋಟದವರು ಇಲಿಗಳ ಕಾಟ ತಡೆಯುವದಕ್ಕಾಗಿ ಕಂಬಗಳ ಮೇಲೆ ಪೆಟ್ಟಿಗೆಗಳನ್ನು ಕಟ್ಟಿ ಈ ಗೂಬೆಗಳನ್ನು ಕರೆತಂದು ನೆಲೆಗೊಳಿಸಿದ್ದಾರೆ. ಜೋಳವನ್ನೂ ಶೇಂಗಾವನ್ನೂ ಇಲಿಗಳ ಬಾಯಿಂದ ಉಳಿಸುವ ರಾತ್ರಿಯ ಕಾವಲುಗಾರನನ್ನು ನಾವು ಶನಿಯೆಂದು ಕರೆದು ಕಲ್ಲೆಸೆಯುವದು ಎಷ್ಟು ಅನ್ಯಾಯ!

ಒಬ್ಬನ ತಪ್ಪನ್ನು ಇನ್ನೊಬ್ಬನ ಮೇಲೆ ಹೊರಿಸುವದಕ್ಕೆ ನಮ್ಮ ಭಾಷೆಯಲ್ಲಿ ಗೂಬೆ ಕೂರಿಸುವದು ಎನ್ನುತ್ತಾರೆ. ಆದಾಮನು ಹವ್ವಳ ಮೇಲೆ ಗೂಬೆ ಕೂರಿಸಿದನು, ಹವ್ವಳು ಸರ್ಪದ ಮೇಲೆ. ಮನೆಯಲ್ಲಿ ಸಾಲ, ಜಗಳ, ಕುಡಿತ ಬಂದರೆ ಅದರ ಬೇರು ನಮ್ಮಲ್ಲಿಯೇ ಇದ್ದರೂ ಮಾಡಿನ ಮೇಲೆ ಕೂತ ಪಕ್ಷಿಯನ್ನು ದೂರುವದು ಸುಲಭ. ಆದರೆ ನಮ್ಮ ಪಾಪವನ್ನು ಹೊರುವದಕ್ಕೆ ದೇವರು ಒಬ್ಬನನ್ನೇ ನೇಮಿಸಿದ್ದಾನೆ. ಕ್ರಿಸ್ತನು ಶಿಲುಬೆಯ ಮೇಲೆ ಹೊತ್ತದ್ದನ್ನು ನಾವು ತಿರಿಗಿ ಒಂದು ಗೂಬೆಯ ತಲೆಯ ಮೇಲೆ ಹಾಕಿದರೆ, ಆತನ ಕೆಲಸವು ಮುಗಿಯಲಿಲ್ಲವೆಂದು ಹೇಳಿದಂತಾಗುವದು.

ಎರಡನೆಯದಾಗಿ, ಬೆಲೆಯ ವಿಷಯ. ಗುಬ್ಬಿಗೆ ಸಂತೆಯಲ್ಲಿ ಅರ್ಧ ಕಾಸು. ಗೂಬೆಗೆ ಮಾಟಗಾರನ ಬಳಿ ಸಾವಿರಾರು ರೂಪಾಯಿ. ನಮ್ಮ ದೇಶದಲ್ಲಿ ಮಾಟಮಂತ್ರಗಳಿಗಾಗಿ ಗೂಬೆಗಳನ್ನು ಹಿಡಿದು ಮಾರುವ ವ್ಯಾಪಾರವನ್ನು ಟ್ರಾಫಿಕ್ ಇಂಡಿಯಾ ಎಂಬ ಸಂಸ್ಥೆಯು 2010ರಲ್ಲಿ ವರದಿಮಾಡಿತು. ಹೀಗೆ ಲೋಕವು ಒಂದು ಜೀವವನ್ನು ಬಹು ಅಗ್ಗವಾಗಿಯೂ ಇನ್ನೊಂದನ್ನು ಬಹು ದುಬಾರಿಯಾಗಿಯೂ ಮಾಡಿ, ಎರಡನ್ನೂ ಕೊಲ್ಲುತ್ತದೆ. ತಂದೆಯ ಲೆಕ್ಕವು ಬೇರೆ. ಜಲಪ್ರಳಯದ ತರುವಾಯ ಆತನು ಮಾಡಿದ ಒಡಂಬಡಿಕೆಯಲ್ಲಿ ನೋಹನೊಂದಿಗೆ ಪಕ್ಷಿಗಳನ್ನೂ ಸೇರಿಸಿದನು. ಗೂಡಿನಲ್ಲಿ ಮರಿಗಳ ಮೇಲೆ ಕೂತ ತಾಯಿಹಕ್ಕಿಯನ್ನು ಹಿಡಿಯಬಾರದೆಂದು ಧರ್ಮಶಾಸ್ತ್ರದಲ್ಲಿ ವಿಧಿಸಿದನು. ಆ ವಿಧವೆಯು ಈ ಎಲ್ಲಾ ವಚನಗಳನ್ನು ಬಾಯಿಪಾಠ ಮಾಡಿದವಳಲ್ಲ. ಆದರೂ ಐದು ಸಾವಿರದ ಮುಂದೆ ನಿಂತು ತಂದೆಯ ಲೆಕ್ಕದಂತೆ ನಡೆದಳು. ನಾವು ಬೋಧಿಸಿದ ಎಷ್ಟೋ ಪ್ರಸಂಗಗಳಿಗಿಂತ ಅವಳ ಆ ಒಂದು ಮಾತು ಆ ಕೇರಿಯಲ್ಲಿ ಗಟ್ಟಿಯಾಗಿ ಕೇಳಿಸಿತು.

ಮೂರನೆಯದಾಗಿ, ಬೀಳುವಿಕೆಯ ವಿಷಯ. ಹುಡುಗಿಯ ಪ್ರಶ್ನೆಗೆ ಉತ್ತರವು ಕರ್ತನ ಮಾತಿನಲ್ಲಿಯೇ ಉಂಟು. ಗುಬ್ಬಿಯು ಬೀಳುವದು, ಗೂಬೆಯು ಸಾಯುವದು, ನಾವೂ ಒಂದು ದಿನ ಅದೇ ಸ್ಮಶಾನದ ಮಣ್ಣಿಗೆ ಸೇರುವೆವು. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಅಪೊಸ್ತಲನು ತಿಳಿಸುವಂತೆ ಸೃಷ್ಟಿಯೆಲ್ಲಾ ಇನ್ನೂ ನರಳುತ್ತಾ ಬಿಡುಗಡೆಗಾಗಿ ಕಾದಿದೆ. ಆದರೆ ತಂದೆಯಿಲ್ಲದ ಬೀಳುವಿಕೆ ಎಂಬದಿಲ್ಲ. ನಾವು ಆ ಮಗುವಿಗೆ ಹೀಗೆ ಹೇಳಿದೆವು: "ಮಗಳೇ, ಆ ಪಕ್ಷಿಯು ಕಲ್ಲಿನ ಕೆಳಗೆ ಸಾಯಲಿಲ್ಲ, ಮಾಟಗಾರನ ಕೈಯಲ್ಲಿಯೂ ಸಾಯಲಿಲ್ಲ. ಬೆಚ್ಚಗಿನ ಬಟ್ಟೆಯ ಮೇಲೆ, ಯಾರೂ ಹೊಡೆಯದ ಒಂದು ಮನೆಯಲ್ಲಿ ಸತ್ತಿತು. ಆ ರಾತ್ರಿ ತಂದೆಯು ಅದರ ಸಂಗಡ ಇದ್ದನು, ನಿನ್ನನ್ನೂ ಅಲ್ಲಿಯೇ ಇರಿಸಿದ್ದನು." ಆಕೆ ಬಹಳ ಹೊತ್ತು ಸುಮ್ಮನಿದ್ದು, ಮೇಕೆಗಳನ್ನು ಬಿಡಲು ಹೋದಳು. ದುಃಖವು ಅವಳನ್ನು ಬಿಡಲಿಲ್ಲ. ಭಯವು ಮಾತ್ರ ಅವಳಲ್ಲಿ ಇರಲಿಲ್ಲ. ಆ ಕುಟುಂಬದವರು ಮನೆಯನ್ನು ಬಿಡಲಿಲ್ಲ, ಶಾಂತಿ ಮಾಡಿಸಲಿಲ್ಲ. ಅದೇ ಸಂಜೆ ಅದೇ ಪಡಸಾಲೆಯಲ್ಲಿ ಕುಟುಂಬ ಪ್ರಾರ್ಥನೆ ನಡೆಯಿತು. ನೆರೆಯ ರೈತನೂ ಬಂದು ಬಾಗಿಲ ಬಳಿ ಕೂತನು.

ಪ್ರಿಯರೇ, ಕನಿಕರಕ್ಕೆ ತಿಳುವಳಿಕೆಯೂ ಬೇಕು. ಆದಕಾರಣ ರಜೆಯಲ್ಲಿ ಮನೆಗೆ ಬರುವ ನಿಮ್ಮ ಮಕ್ಕಳಿಗೆ ಇವುಗಳನ್ನು ಕಲಿಸಿರಿ. ಗಾಯಗೊಂಡ ಪಕ್ಷಿಯನ್ನು ದಪ್ಪ ಬಟ್ಟೆಯಿಂದ ಮುಚ್ಚಿ ಎತ್ತತಕ್ಕದ್ದು. ಗೂಬೆ ಹದ್ದುಗಳ ಉಗುರು ಕೈಯನ್ನು ಹರಿಯಬಲ್ಲದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಯಾಗಲಿ ಪುಟ್ಟಿಯಲ್ಲಿಯಾಗಲಿ ಇಟ್ಟು, ಕತ್ತಲೆಯಾದ ಬೆಚ್ಚಗಿನ ಸ್ಥಳದಲ್ಲಿ, ನಾಯಿ ಬೆಕ್ಕು ಮತ್ತು ಜನರ ಗುಂಪಿನಿಂದ ದೂರವಿಡಬೇಕು. ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋದರೆ ಪಕ್ಷಿ ಸಾಯುವದು. ಮುಟ್ಟಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಗಾಯವಿಲ್ಲದ ಮರಿ ನೆಲದಲ್ಲಿ ಸಿಕ್ಕರೆ ಅದನ್ನು ಮನೆಗೆ ಒಯ್ಯದೆ ಗೂಡಿನಲ್ಲಿ ಇಲ್ಲವೆ ಹತ್ತಿರದ ಕೊಂಬೆಯ ಮೇಲೆ ಇಡತಕ್ಕದ್ದು. ಮನುಷ್ಯನು ಮುಟ್ಟಿದ ಮರಿಯನ್ನು ತಾಯಿ ತೊರೆಯುವದೆಂಬ ಮಾತು ನಿಜವಲ್ಲ. ಕಾಡುಪಕ್ಷಿಯನ್ನು ಸಾಕಿಕೊಳ್ಳುವದಕ್ಕೂ ಮಾರುವದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಡ್ಡಿಮಾಡುತ್ತದೆ. ಆದದರಿಂದ ತಡಮಾಡದೆ ಪಶುವೈದ್ಯರಿಗೂ ಅರಣ್ಯ ಇಲಾಖೆಯವರಿಗೂ ತಿಳಿಸಬೇಕು.

ಒಂದು ಪಕ್ಷಿಗಾಗಿ ಇಷ್ಟು ಶ್ರಮವೇ ಎಂದು ಕೇಳುವವರು ದೆಹಲಿಯ ವಜೀರಾಬಾದಿನ ಕಡೆಗೆ ನೋಡಲಿ. ಅಲ್ಲಿ ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಎಂಬ ಮುಸಲ್ಮಾನ ಸಹೋದರರು, ಗಾಳಿಪಟದ ಮಾಂಜಾ ದಾರದಿಂದ ರೆಕ್ಕೆ ಕತ್ತರಿಸಿಕೊಂಡು ಬೀಳುವ ಹದ್ದುಗಳಿಗೆ ಅನೇಕ ವರುಷಗಳಿಂದ ಶುಶ್ರೂಷೆ ಮಾಡುತ್ತಾ ಬಂದಿದ್ದಾರೆ. ಮನೆಯ ನೆಲಮಾಳಿಗೆಯಲ್ಲಿ ಅವರು ನಡಿಸಿದ ಈ ಕೆಲಸವನ್ನು 2022ರಲ್ಲಿ ಹೊರಬಂದ ಆಲ್ ದಟ್ ಬ್ರೀದ್ಸ್ ಎಂಬ ಸಾಕ್ಷ್ಯಚಿತ್ರವು ಲೋಕಕ್ಕೆ ತೋರಿಸಿತು. ಗಾಯಗೊಂಡವನಿಗೆ ನೆರೆಯವನಾದವನು ಯಾರೆಂದು ಕರ್ತನು ಕೇಳಿದಾಗ, ಉತ್ತರವು ಸಮಾರ್ಯದವನಾಗಿತ್ತು. ಇಂದು ಆ ಪ್ರಶ್ನೆಯನ್ನು ಕೇಳಿದರೆ ನಮ್ಮ ಉತ್ತರವೇನು? ನಮ್ಮ ಕೇರಿಯ ಆ ರೈತನೂ ದೆಹಲಿಯ ಆ ಸಹೋದರರೂ ಮುಂದೆ ಹೋಗಿರುವಾಗ, ತಂದೆಯ ಪ್ರೀತಿಯನ್ನು ಅರಿತೆವೆನ್ನುವ ನಾವು ಯಾಜಕನಂತೆಯೂ ಲೇವಿಯನಂತೆಯೂ ಓರೆಯಾಗಿ ಹೋಗಬಹುದೋ?

ಕರ್ತನು ಗುಬ್ಬಿಗಳ ಮಾತನ್ನು ಮುಗಿಸುವಾಗ, ಅನೇಕ ಗುಬ್ಬಿಗಳಿಗಿಂತ ಶಿಷ್ಯರು ಹೆಚ್ಚಿನವರೆಂದು ಹೇಳಿದನು. ಹಕ್ಕಿಗಳನ್ನು ಹೀನೈಸುವದಕ್ಕೆ ಇದು ಅಪ್ಪಣೆಯಲ್ಲ. ಹೆದರದೆ ಇರುವದಕ್ಕೆ ಆಧಾರವು. ಬೇಲಿಗೆ ಸಿಕ್ಕಿದ ಗೂಬೆಯನ್ನು ಲೆಕ್ಕದಲ್ಲಿಟ್ಟವನು ಸಾಲಕ್ಕೆ ಸಿಕ್ಕಿದ ರೈತನನ್ನೂ ರೋಗಕ್ಕೆ ಸಿಕ್ಕಿದ ತಾಯಿಯನ್ನೂ ಒಂಟಿಯಾದ ವಿಧವೆಯನ್ನೂ ಮರೆಯುವನೋ? ಆದಕಾರಣ ಶಕುನಗಳಿಗೆ ಹೆದರದಿರಿ, ಜೀವಗಳನ್ನು ಮಾರದಿರಿ, ಬಿದ್ದವುಗಳ ಬಳಿಗೆ ಹೋಗಿರಿ. ನಿಮಗಿಂತ ಮುಂಚೆ ಪರಲೋಕದ ತಂದೆಯು ಅಲ್ಲಿ ಇರುವನು. ಆಮೆನ್.