ಮುಚ್ಚಿಟ್ಟ ನೋವು
ಉಮ್ಮಚಗಿಯ ಅಡಿಕೆ ತೋಟಗಳಲ್ಲಿ ಕೊಳೆ ತಗಲುವ ಮೊದಲೇ ನಾವು ಕೊನೆಗಳಿಗೆ ಬೋರ್ಡೋ ಮದ್ದು ಹೊಡೆಯುತ್ತೇವೆ. ಅದೇ ಮನೆಯಲ್ಲಿ, ಮುಟ್ಟು ನಿಂತು ವರ್ಷಗಳಾದ ತಾಯಿಗೆ ಮತ್ತೆ ರಕ್ತ ಕಂಡರೆ ಆಕೆ ಬಟ್ಟೆಯನ್ನು ಗುಟ್ಟಾಗಿ ಒಗೆಯುತ್ತಾಳೆ. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯಾಗಿರಬಹುದು. ಬೇಗ ಪತ್ತೆಯಾದರೆ ಹೆಚ್ಚಾಗಿ ಗುಣವಾಗುವಂಥದ್ದು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವ ತಂದೆಯೂ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಪ್ರಾಸ್ಟೇಟ್ ಗ್ರಂಥಿ ಊದಿದ್ದರೆ ಎಷ್ಟೋ ಸಲ ಮಾತ್ರೆಯೇ ಸಾಕು.

ಮೈ ಮುಚ್ಚಿಕೊಳ್ಳುವುದು ಲಜ್ಜೆ, ಸರಿ. ನೋವನ್ನೂ ಮುಚ್ಚಿಡುವುದು ಲಜ್ಜೆಯೇ? ಆಕೆ ಹೇಳಲಿಲ್ಲ ಎನ್ನುವ ನಾವು ಎಂದಾದರೂ ಕೇಳಿದ್ದೇವೆಯೇ? ಹುಬ್ಬಳ್ಳಿ ದೂರವೆಂಬುದು ನಿಜ. ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2022ರಲ್ಲಿ ಒತ್ತಾಯಿಸಿದ್ದೂ ಅದಕ್ಕೇ. ಆದರೆ ಮೊದಲು ತೋರಿಸಲು ಯಲ್ಲಾಪುರದ ತಾಲೂಕು ಆಸ್ಪತ್ರೆಯಿದೆ. ಅಲ್ಲಿಗೆ ಅಮ್ಮನ ಜೊತೆ ಹೋಗುವವರು ಯಾರು?