‘ಒಲ್ಲೆ’ ಎಂಬ ಮಾತು

ಸಮೀರವಾಡಿಯಲ್ಲಿ ಕಬ್ಬು ನುರಿಸುವ ಹಂಗಾಮು ಬಂದರೆ ಮಕ್ಕಳಿಗೆ ಉಣ್ಣಿಸುವುದು ಸುಲಭ. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು ತೋರಿಸಿ, ಕೂಸು ಬೆರಗಾಗಿ ಬಾಯಿ ತೆರೆದ ಕೂಡಲೇ ಹಾಲಲ್ಲಿ ನೆನೆಸಿದ ರೊಟ್ಟಿಯ ತುತ್ತು ಇಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗುಮ್ಮ. ಆಮೇಲೆ ಅಜ್ಜಿಯ ತೀರ್ಪು: ‘ಬಿಡವಾ, ಹಸದರ ತಾನ ಕೇಳತೈತಿ.’

ಹಸಿದರೂ ಕೇಳದ ಮಕ್ಕಳಿದ್ದಾರೆ. ಉಂಡದ್ದು ಗಂಟಲಿಗೆ ಮರಳಿ ಬಂದು ಸುಟ್ಟ ನೆನಪು, ತಿಂಗಳುಗಟ್ಟಲೆ ಮೂಗಿನ ನಳಿಗೆಯಲ್ಲೇ ಆಹಾರ ಪಡೆದದ್ದು, ನುಂಗುವ ತೊಂದರೆ, ಹೀಗೆ ಕಾರಣ ಹಲವು. ಇಂಥವರಿಗೆ ಕೊಡುವ ವರ್ತನಾ ಚಿಕಿತ್ಸೆಯಲ್ಲಿ ಬಹುಮಾನದ ಆಟಿಕೆ ಒಂದು ಭಾಗ. ಕಠಿಣವಾದದ್ದು ಇನ್ನೊಂದು: ಮಗು ಮುಖ ತಿರುಗಿಸಲಿ, ಅಳಲಿ, ತುತ್ತು ತೆಗೆದುಕೊಳ್ಳುವ ತನಕ ಚಮಚ ತುಟಿಯ ಬಳಿಯೇ ಇರುತ್ತದೆ. ನಿರಾಕರಿಸಿದರೆ ಪಾರಾಗಬಹುದೆಂಬ ಕಲಿಕೆಯನ್ನು ಅಳಿಸುವುದು ಇದರ ತರ್ಕ. ಇದು ಅನೇಕ ಮಕ್ಕಳಲ್ಲಿ ಫಲ ಕೊಟ್ಟಿದೆ, ನಳಿಗೆಯಿಂದ ಬಿಡುಗಡೆಯಾದವರೂ ಇದ್ದಾರೆ. ಅದನ್ನು ಮರೆಮಾಚಿ ನೀತಿ ಹೇಳುವುದು ಹೊಟ್ಟೆ ತುಂಬಿದವರ ಚಟ.

ಅಡ್ಡಪರಿಣಾಮಗಳ ಪಟ್ಟಿಯೂ ಇದೆ. ಅಳು, ಚಮಚ ತಳ್ಳುವುದು ಕೆಲವೊಮ್ಮೆ ಇಳಿಯುವ ಮೊದಲು ಏರುತ್ತವೆ. ಓಕರಿಕೆ ಬರಬಹುದು. ಕೆಲವು ಮಕ್ಕಳು ತುತ್ತನ್ನು ನುಂಗದೆ ಕೆನ್ನೆಯಲ್ಲೇ ಇಟ್ಟುಕೊಳ್ಳುತ್ತವೆ. ನಡುವೆ ಸೋತು ಚಮಚ ತೆಗೆದರೆ, ಇನ್ನಷ್ಟು ಅತ್ತರೆ ಗೆಲ್ಲಬಹುದೆಂದು ಮಗು ಕಲಿಯುತ್ತದೆ; ಆದ್ದರಿಂದ ಸೋಲಬೇಡಿ ಎಂದು ತಾಯಿಗೆ ಹೇಳಿಕೊಡುತ್ತಾರೆ. ನನ್ನನ್ನು ಕಾಡುವುದು ಇದೇ. ಮಗು ಉಣ್ಣಲು ಕಲಿಯುವ ಹೊತ್ತಿಗೆ ತಾಯಿ ಅಳು ಕೇಳಿಸದಂತೆ ಕೂರಲು ಕಲಿತಿರುತ್ತಾಳೆ. ಅದನ್ನು ಯಾವ ಪಟ್ಟಿಗೆ ಸೇರಿಸುವುದು? ಅಳು ನಿಂತಾಗ ಹೋದದ್ದು ಭಯವೋ, ಹೇಳಿ ಫಲವಿದೆ ಎಂಬ ನಂಬಿಕೆಯೋ? ದಾಖಲೆಯ ಹಾಳೆಯಲ್ಲಿ ಎರಡಕ್ಕೂ ಸೊನ್ನೆಯೇ.

2000ರಿಂದ 2016ರವರೆಗೆ ಇರೋಮ್ ಶರ್ಮಿಳಾ ಅವರಿಗೆ ಮೂಗಿನ ನಳಿಗೆಯಲ್ಲಿ ಆಹಾರ ಕೊಟ್ಟಾಗ, ಅದು ಸರಿಯೇ ಎಂದು ಕೇಳಿದವರಿದ್ದರು. ಮಗುವಿನದು ಸತ್ಯಾಗ್ರಹವಲ್ಲ, ಸಾವಿನ ಅರಿವೂ ಅದಕ್ಕಿಲ್ಲ; ಉಪವಾಸ ಬೀಳಲು ಬಿಡುವಂತಿಲ್ಲ. ಆದರೂ ಅದರ ‘ಒಲ್ಲೆ’ ಒಂದು ವರದಿ ಇರಬಹುದು: ಗಂಟಲು ಉರಿಯುತ್ತಿದೆ, ನುಂಗಲಾಗುತ್ತಿಲ್ಲ. ಚಮಚ ಹಿಡಿಯುವ ಮೊದಲು ಆ ವರದಿ ಓದಬೇಕಾದದ್ದು ವೈದ್ಯರ ಕೆಲಸ.

ಖಾಲಿ ಚಮಚದಿಂದ ಆರಂಭಿಸಿ, ಅಕ್ಕಿಕಾಳಿನಷ್ಟು ತುತ್ತಿಗೆ ಮೆಲ್ಲಗೆ ಏರುವ ದಾರಿಯೂ ಉಂಟು. ಅದಕ್ಕೆ ದಿನಗಳು ಹೆಚ್ಚು ಬೇಕು. ನಸುಕಿನಲ್ಲೇ ಗ್ಯಾಂಗಿನ ಜೊತೆ ಕಬ್ಬು ಕಡಿಯಲು ಹೋಗುವ ತಾಯಿಯ ಬಳಿ ಆ ದಿನಗಳಿಲ್ಲ. ಬೇಗ ಮುಗಿಯುವ ವಿಧಾನವೊಂದನ್ನೇ ಅವಳ ಕೈಗಿಟ್ಟು ಕಳಿಸಿದರೆ, ಅದನ್ನು ಅವಳ ಒಪ್ಪಿಗೆ ಎನ್ನಲು ನನಗೆ ಬಾಯಿ ಬರುವುದಿಲ್ಲ.